ಬೊಜ್ಜು ಕರಗಿಸಲು ಹೋಗಿ ಕಿಡ್ನಿ ಕರಗೀತು, ಜೋಕೆ!

ಚಿತ್ರರಸಿಕರೇ, ‘ಎಂಟರ್ ದಿ ಡ್ರ್ಯಾಗನ್’ (1973) ನೋಡಿದ್ದೀರಲ್ಲ? ಶುರುವಿನಲ್ಲೇ ಬ್ರೂಸ್ ಲೀ ಜತೆ ಸೆಣಸಿ ಸೋಲುವ ಆ ಗುಂಡು ಹುಡುಗ ಯಾರು ಹೇಳಿ? ಸಾಮೋ ಹಂಗ್! 1978ರಲ್ಲಿ ‘ಎಂಟರ್ ದಿ ಫ್ಯಾಟ್ ಡ್ರ್ಯಾಗನ್’ ಅಂತ ತಾನೇ ನಿರ್ದೇಶಿಸಿ, ತಾನೇ ಹೀರೋ ಆಗಿ, ಹೊಟ್ಟೆ ಹೊತ್ತುಕೊಂಡೇ ಹಾರಿ ಹಾರಿ ಒದ್ದ. ಚಪ್ಪಾಳೆಗೇನೂ ಬರ ಬರಲಿಲ್ಲ!

ಆದರೆ ನಮ್ಮ ಹುಡುಗರಿಗೆ ಅಷ್ಟು ಧೈರ್ಯ ಎಲ್ಲಿ? ‘ಹುಳಿ ಬರಿಸಿದ ಚೀನೀ ಮೂಲಿಕೆ, ತಿಂಗಳಲ್ಲಿ ಬೊಜ್ಜು ಮಾಯ’ ಅಂತ ಪ್ಯಾಕೆಟ್ ಮೇಲೆ ಕಂಡರೆ ಸಾಕು, ಕೈ ಜೇಬಿಗೆ ಹೋಗುತ್ತೆ.

ಹುಳಿ ಬರಿಸೋದು ಬೂಟಾಟಿಕೆಯಲ್ಲ. ನಮ್ಮ ದೋಸೆಹಿಟ್ಟು ರಾತ್ರಿಯೆಲ್ಲ ಉಬ್ಬುತ್ತಲ್ಲ, ಅದೇ ವಿದ್ಯೆ. ಕಣ್ಣಿಗೆ ಕಾಣದ ಜೀವಿಗಳು ಮೂಲಿಕೆಯನ್ನು ಒಡೆದು ಹೊಸ ಪದಾರ್ಥ ಮಾಡುತ್ತವೆ. ಚೀನಾದಲ್ಲಿ ಗೋಧಿ, ಕಾಳು, ಸೊಪ್ಪಿನ ರಸ ಕಲಸಿ ಹುಳಿ ಬರಿಸಿದ ‘ಶೆನ್‌ಚು’ ಇದೆ. ಅದು ಅಜೀರ್ಣದ ಮದ್ದು. ಯುನ್ನಾನ್ ಪ್ರಾಂತ್ಯದ ‘ಪು-ಅರ್’ ಚಹಾ ಕುಡಿಸಿದ ಇಲಿಗಳಲ್ಲಿ ಕೊಬ್ಬು ಇಳಿದದ್ದೂ ಉಂಟು. ಆದರೆ ಇಲಿಯ ಹೊಟ್ಟೆ ಬೇರೆ, ನಿಮ್ಮ ಹೊಟ್ಟೆ ಬೇರೆ ಸ್ವಾಮಿ!

ಇನ್ನು ಕೆಂಪು ಅಕ್ಕಿ. ನಮ್ಮ ಕುಚ್ಚಲಕ್ಕಿ ಅಲ್ಲ, ಅನ್ನದ ಮೇಲೆ ‘ಮೊನಾಸ್ಕಸ್’ ಎಂಬ ಬೂಷ್ಟು ಬೆಳೆಸಿದ್ದು. ಈ ಜಾತಿಯ ಬೂಷ್ಟಿನಿಂದ ಜಪಾನಿನ ಅಕಿರಾ ಎಂಡೋ 1979ರಲ್ಲಿ ಒಂದು ಪದಾರ್ಥ ಬೇರ್ಪಡಿಸಿದರು. ಅದೂ, 1987ರಲ್ಲಿ ಅಮೆರಿಕ ಒಪ್ಪಿದ ‘ಲೊವಾಸ್ಟಾಟಿನ್’ ಗುಳಿಗೆಯೂ ಒಂದೇ! ಆದರೆ ಅದು ಇಳಿಸೋದು ರಕ್ತದ ಕೊಲೆಸ್ಟೆರಾಲನ್ನ, ಸೊಂಟದ ಸುತ್ತಳತೆಯನ್ನಲ್ಲ.

ಅಪಾಯ ಇರೋದು ಇಲ್ಲೇ. ಒಳ್ಳೇ ಬೂಷ್ಟಿನ ಜತೆ ಕೆಟ್ಟದ್ದೂ ಸೇರಿದರೆ? 2024ರಲ್ಲಿ ಜಪಾನಿನಲ್ಲಿ ಸೇರಿತು. ಕೆಂಪು ಅಕ್ಕಿಯ ಮಾತ್ರೆ ನುಂಗಿದ ನೂರಾರು ಮಂದಿ ಆಸ್ಪತ್ರೆ ಸೇರಿದರು, ಕಿಡ್ನಿ ಕೆಟ್ಟಿತ್ತು. ಹುಳಿ ಬರಿಸದ ಮೂಲಿಕೆ ಕ್ಷೇಮವೋ? ಅದೂ ಇಲ್ಲ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೆಳ್ಳಗಾಗಲೆಂದು ಚೀನೀ ಮೂಲಿಕೆ ತಿಂದರು. ‘ಫಾಂಗ್‌ಜಿ’ ಬೇರಿನ ಬದಲು ಅದೇ ಥರದ ಹೆಸರಿನ ಇನ್ನೊಂದು ವಿಷದ ಬೇರು ಬಂದಿತ್ತು. ನೂರರ ಸುಮಾರು ಹೆಂಗಸರ ಕಿಡ್ನಿ ಹಾಳು, ಕೆಲವರಿಗೆ ಆಮೇಲೆ ಕ್ಯಾನ್ಸರ್ ಬೇರೆ.

ಆದ್ದರಿಂದ ತಮ್ಮಂದಿರಾ, ಪ್ಯಾಕೆಟ್ ಒಡೆಯುವ ಮುಂಚೆ ಡಾಕ್ಟರಿಗೆ ತೋರಿಸಿ. ಆಗಲೇ ತಿನ್ನುತ್ತಿದ್ದು ಕಾಲು ಊದಿದರೆ, ಮೂತ್ರ ಕಮ್ಮಿಯಾದರೆ ಅಥವಾ ನೊರೆ ಬಂದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಓಡಿ. ಹೊಟ್ಟೆ ಇಳಿಸಲು ಊಟ ಹಿಡಿತದಲ್ಲಿರಲಿ, ದಿನಾ ಬೆವರು ಸುರಿಯಲಿ. ತಡವಾಗುತ್ತೆ, ನಿಜ. ಆದರೆ ಬೊಜ್ಜು ಹೊತ್ತು ಫೈಟ್ ಮಾಡಿದವರುಂಟು, ಕಿಡ್ನಿ ಕಳಕೊಂಡು ಫೈಟ್ ಮಾಡಿದವರನ್ನು ನಾನಂತೂ ಕಂಡಿಲ್ಲ!

ಬರುವ ವಾರ ಸಿಗೋಣ.