ಕೊಸರಿನ ವಿಚಾರ



ಕಳೆದ ತಿಂಗಳು ನಮ್ಮ ಮಾದನಾಯಕನಹಳ್ಳಿಯಲ್ಲಿಯೇ ನಮಗೊಂದು ಸಣ್ಣ ಅವಮಾನವು ಒದಗಿತು. ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಕೊಳ್ಳುವುದೇ ಲೇಸೆಂದು ತೋರಿತು. ಏಕೆಂದರೆ ಅದಕ್ಕೆ ಕಾರಣವಾದ ತಪ್ಪು ನಮ್ಮ ಮನೆಯೊಂದರದೇ ಅಲ್ಲ. ಈಚೆಗೆ ಅನೇಕ ಸಂಸಾರಗಳು ಅದನ್ನು ಮಾಡುತ್ತಿರುವಂತೆ ಕಾಣುತ್ತದೆ.

ಇಲ್ಲಿ ಹೆದ್ದಾರಿಯ ಪಕ್ಕದ ಹೊಂಗೆಯ ಮರದ ಕೆಳಗೆ ಒಬ್ಬ ಮುದುಕಿಯು ಸೊಪ್ಪು ತರಕಾರಿಗಳನ್ನು ಹರಡಿಕೊಂಡು ಕುಳಿತಿರುತ್ತಾಳೆ. ಪಾಠಶಾಲೆಯಿಂದ ಹಿಂದಿರುಗುವಾಗ ಆಕೆಯಲ್ಲಿ ಕೊಳ್ಳುವುದು ನಮಗೆ ಬಹುಕಾಲದ ರೂಢಿಯಾಗಿದ್ದಿತು. ತೂಕ ಮುಗಿದು ಹಣ ಕೊಟ್ಟಾದ ಮೇಲೆ ಆಕೆ ಒಂದು ಹಿಡಿ ಕೊತ್ತಂಬರಿಯನ್ನೋ ಕರಿಬೇವನ್ನೋ ಚೀಲಕ್ಕೆ ಹಾಕಿ, “ಕೊಸರು ತಗೊಳ್ಳಿ ಮೇಷ್ಟ್ರೇ” ಎನ್ನುತ್ತಿದ್ದಳು. ನಮ್ಮ ಮನೆಯ ಸಾರಿಗೆ ಕೊತ್ತಂಬರಿಯನ್ನು ದುಡ್ಡು ಕೊಟ್ಟು ತಂದ ನೆನಪು ನಮಗಿಲ್ಲ.

ನಾವು ನಿವೃತ್ತರಾದೆವು. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ನಾಗಸಂದ್ರದಿಂದ ಮಾದಾವರದವರೆಗೆ ಮುಂದುವರಿಯಿತು. ನಗರದ ದೊಡ್ಡ ಮಳಿಗೆಗಳು ಕೈಗೆಟುಕಿದಂತಾದವು. ಅಲ್ಲಿಯ ತಂಪು ಗಾಳಿ, ತಳ್ಳುವ ಗಾಡಿ, ಸಾಲಾಗಿ ಜೋಡಿಸಿದ ಡಬ್ಬಿಗಳು, ಯಾರೊಡನೆಯೂ ಮಾತನಾಡಬೇಕಾಗಿಲ್ಲದ ನೆಮ್ಮದಿ, ಇವೆಲ್ಲಕ್ಕೂ ನಾವು ಮರುಳಾದೆವೆಂಬುದನ್ನು ಒಪ್ಪಿಕೊಳ್ಳಬೇಕು. ಮೂರು ತಿಂಗಳು ಸೊಪ್ಪು ಸಹ ಅಲ್ಲಿಂದಲೇ ಬಂದಿತು.

ಹೀಗಿರುವಾಗ ನಮ್ಮ ಮಗಳು ಊರಿಗೆ ಬಂದಳು. ಅವಳ ಗಂಡನ ಉದ್ಯೋಗದ ನಿಮಿತ್ತ ಅವರು ಕೊರಿಯಾ ದೇಶದ ಬುಸಾನ್ ಎಂಬ ರೇವುಪಟ್ಟಣದಲ್ಲಿ ವಾಸವಾಗಿದ್ದಾರೆ. ಬಂದವಳು ದಂಟಿನ ಸೊಪ್ಪಿನ ಹುಳಿ ಬೇಕೆಂದಳು. ದೊಡ್ಡ ಮಳಿಗೆಯಲ್ಲಿ ದಂಟು ದೊರೆಯಲಿಲ್ಲ. ಮೂವರೂ ಹೊಂಗೆಯ ಮರದ ಬಳಿಗೆ ಹೋದೆವು.

“ಏನ್ ಮೇಷ್ಟ್ರೇ, ದಾರಿ ತಪ್ಪಿ ಬಂದ್ರಾ?” ಎಂದಳು ಮುದುಕಿ. ಮುಖದಲ್ಲಿ ನಗುವಿತ್ತು. ದಂಟನ್ನು ಕೊಟ್ಟು, ಅರ್ಧ ಕಿಲೋ ಹುರುಳಿಕಾಯಿಯನ್ನು ತಕ್ಕಡಿಗೆ ಹಾಕಿದಳು. ಈಗ ಆಕೆಯ ತಕ್ಕಡಿಯೂ ವಿದ್ಯುತ್ತಿನದು. ಅಂಕೆ 500ನ್ನು ದಾಟಿತು. ಆಕೆ ಎರಡು ಕಾಯಿಗಳನ್ನು ಹಿಂದಕ್ಕೆ ತೆಗೆದು, ಅಂಕೆ ಸರಿಯಾಗಿ ನಿಲ್ಲುವವರೆಗೆ ಕಾದು, ಚೀಲಕ್ಕೆ ಸುರಿದಳು. ನಮ್ಮ ಗೃಹಿಣಿ ಮೆಲ್ಲನೆ, “ಕೊತ್ತಂಬರಿ ಇಲ್ವೇನಜ್ಜಿ?” ಎಂದು ಕೇಳಿದಳು.

“ಐತಲ್ಲಮ್ಮ. ಕಟ್ಟು ಹತ್ತು ರೂಪಾಯಿ.”

ಆಕೆಯ ಮಾತಿನಲ್ಲಿ ಒರಟುತನವಾಗಲಿ, ಲೆಕ್ಕದಲ್ಲಿ ಮೋಸವಾಗಲಿ ಇರಲಿಲ್ಲ. ಆದರೂ ನಾವು ತಲೆಯೆತ್ತದೆ ಹಣ ಕೊಟ್ಟು ಬಂದೆವು.

ದಾರಿಯಲ್ಲಿ ಮಗಳು ನಕ್ಕು, “ಅಪ್ಪಾ, ನಿಮ್ಮ ಖಾತೆ ಮೊದಲಿನಿಂದ ಶುರುವಾಯಿತು. ನನಗೂ ಬುಸಾನಿನಲ್ಲಿ ಹೀಗೆಯೇ ಆಗಿತ್ತು” ಎಂದು ಅಲ್ಲಿಯ ಸಂಗತಿಯನ್ನು ಹೇಳತೊಡಗಿದಳು.

ಆ ಪಟ್ಟಣದಲ್ಲಿ ಬಗೆಬಗೆಯ ಪೇಟೆಗಳಿವೆಯಂತೆ. ಸಮುದ್ರದ ಅಂಚಿನ ಜಗಾಲ್ಚಿ ಎಂಬುದು ಮೀನಿನ ಪೇಟೆ. ಅಲ್ಲಿ ಮಾರುವವರಲ್ಲಿ ಬಹುಮಂದಿ ಹೆಂಗಸರು. ಗುಕ್ಜೆ ಎಂಬ ಪೇಟೆ 1945ರಲ್ಲಿ ಆ ದೇಶವು ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದ ತರುವಾಯ ಹುಟ್ಟಿತು. 1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ಮನೆಮಠಗಳನ್ನು ಬಿಟ್ಟು ಬಂದವರು ಅಲ್ಲಿ ಅಂಗಡಿಯಿಟ್ಟು ಜೀವಿಸಿ ಅದನ್ನು ಬೆಳೆಸಿದರು. ಇನ್ನೊಂದು ಕಡೆ, 2009ರಲ್ಲಿ ತೆರೆದ ಶಿನ್ಸೆಗೆ ಎಂಬ ಮಹಾಮಳಿಗೆಯು ಜಗತ್ತಿನಲ್ಲಿಯೇ ಅತಿ ದೊಡ್ಡದೆಂದು ಗಿನ್ನೆಸ್ ದಾಖಲೆಯನ್ನು ಸೇರಿತು. ಪುಳಿಚಾರಿನ ಮನೆಯ ಹುಡುಗಿಗೆ ಮೀನಿನ ಪೇಟೆಯಲ್ಲಿ ಕೆಲಸವಿಲ್ಲ. ಅವಳು ತರಕಾರಿಗಾಗಿ ಬುಜೋನ್ ಎಂಬ ಹಳೆಯ ಪೇಟೆಗೆ ಹೋಗುತ್ತಾಳೆ.

ಮೊದಮೊದಲು ಅವಳಿಗೆ ಭಾಷೆ ಬಾರದು. ಬೆರಳಿನಿಂದ ತೋರಿಸಿ, ರಟ್ಟಿನ ಮೇಲೆ ಬರೆದ ಬೆಲೆಯನ್ನು ಕೊಟ್ಟು ಬರುತ್ತಿದ್ದಳು. ಒಂದು ದಿನ ಒಂದು ಅಂಗಡಿ, ಮರುದಿನ ಬೇರೊಂದು. ಎಲ್ಲರೂ ಲೆಕ್ಕಕ್ಕೆ ಸರಿಯಾಗಿಯೇ ಕೊಟ್ಟರು. ಆಮೇಲೆ ಒಬ್ಬ ವೃದ್ಧೆಯ ಅಂಗಡಿಗೇ ವಾರವಾರವೂ ಹೋಗತೊಡಗಿದಳು. ಕೆಲವು ವಾರಗಳಾದ ಮೇಲೆ ಆ ವೃದ್ಧೆ ಎರಡು ಈರುಳ್ಳಿ ಹೂವಿನ ದಂಟುಗಳನ್ನು ಚೀಲಕ್ಕೆ ಸೇರಿಸಿ, “ದೊಮ್” ಎಂದಳಂತೆ. ಮನೆಗೆ ಬಂದು ನೆರೆಯವರನ್ನು ವಿಚಾರಿಸಿದಾಗ ಅದರ ಅರ್ಥ ತಿಳಿಯಿತು: ಕೊಂಡದ್ದರ ಮೇಲೆ ಪುಕ್ಕಟೆಯಾಗಿ ಕೊಡುವ ಹೆಚ್ಚಿನ ಪಾಲು. ನಮ್ಮ ಕೊಸರೇ ಅದು! “ಆ ದಿನ ನಾನು ಆ ಊರಿನವಳಾದೆನೆಂದು ತೋರಿತಪ್ಪಾ” ಎಂದಳು ಮಗಳು.

ಈ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ವಿದ್ವಾನ್ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಮುದ್ರಿತವಾಯಿತು. ಅದರಲ್ಲಿ ತೂಕ ಅಳತೆಗಳ ಪ್ರಕರಣವೊಂದುಂಟು. ತುಪ್ಪಕ್ಕೆ 1/32, ಎಣ್ಣೆಗೆ 1/64 ಪಾಲನ್ನು ಹೆಚ್ಚಾಗಿ ಕೊಡತಕ್ಕದ್ದೆಂದೂ, ಅಳತೆಯ ಪಾತ್ರೆಗೆ ಅಂಟಿ ಉಳಿಯುವುದಕ್ಕಾಗಿ ದ್ರವಪದಾರ್ಥಗಳಿಗೆ 1/50 ಪಾಲು ಸಲ್ಲತಕ್ಕದ್ದೆಂದೂ ಅಲ್ಲಿ ವಿಧಿಸಿದೆ. ಇದೇ ಕೊಸರಿನ ಮೂಲವೆಂದು ನಾವು ಬಹುಕಾಲ ಹೆಮ್ಮೆಯಿಂದ ಹುಡುಗರಿಗೆ ಹೇಳುತ್ತಿದ್ದೆವು. ಈಗ ನಮಗೆ ಹಾಗೆ ತೋರುವುದಿಲ್ಲ. ಕೌಟಿಲ್ಯನು ಹೇಳುವುದು ನಷ್ಟಪರಿಹಾರ. ಅದನ್ನು ಕೊಳ್ಳುವವನು ಹಕ್ಕಿನಿಂದ ಕೇಳಬಹುದು. ಕೊಸರನ್ನು ಹಾಗೆ ಕೇಳಲಾಗದು.

ವ್ಯಾಪಾರದಲ್ಲಿ ಮೂರು ಸಂಗತಿಗಳುಂಟು. ತೂಕವು ಕಾನೂನಿಗೆ ಸೇರಿದ್ದು. ಅದರಲ್ಲಿ ಕಡಮೆಯಾದರೆ 2009ರ ಶಾಸನದ ಪ್ರಕಾರ ದೂರು ಕೊಡಬಹುದು. ಬೆಲೆಯು ಮಾತಿಗೆ ಸೇರಿದ್ದು. ಅಲ್ಲಿ ಚೌಕಾಶಿಗೆ ಎಡೆಯಿದೆ. ಕೊಸರಾದರೋ ಮನಸ್ಸಿಗೆ ಸೇರಿದ್ದು. ಚೌಕಾಶಿಯಲ್ಲಿ ನಾವು ಕಿತ್ತುಕೊಳ್ಳುತ್ತೇವೆ. ಕೊಸರಿನಲ್ಲಿ ಅವರು ಕೊಡುತ್ತಾರೆ. “ನಾಳೆಯೂ ಬನ್ನಿ” ಎಂಬ ಮಾತನ್ನೇ ಆ ಮುದುಕಿ ಇಷ್ಟು ವರ್ಷ ಕೊತ್ತಂಬರಿಯ ರೂಪದಲ್ಲಿ ಹೇಳುತ್ತಿದ್ದಳು. ನಾವು ಕೊತ್ತಂಬರಿಯನ್ನು ತಿಂದು ಮಾತನ್ನು ಮರೆತೆವು.

ಹಾಗೆಂದು ದೊಡ್ಡ ಮಳಿಗೆಗಳನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಬೇಳೆ, ಎಣ್ಣೆ, ಸಾಬೂನು ಮೊದಲಾದ ಕಟ್ಟಿದ ಪದಾರ್ಥಗಳನ್ನು, ಮುದ್ರಿಸಿದ ಬೆಲೆಯನ್ನೂ ತೂಕವನ್ನೂ ತಾರೀಖನ್ನೂ ನೋಡಿ, ಅಲ್ಲಿ ಕೊಳ್ಳುವುದು ಸರಿಯೇ. ಕೊರಿಯಾದಲ್ಲಿಯೂ ಎರಡನ್ನೂ ಉಳಿಸಿಕೊಳ್ಳುವ ಯತ್ನ ನಡೆದಿದೆ: 2012ರಿಂದ ಅಲ್ಲಿಯ ದೊಡ್ಡ ದಿನಸಿ ಮಳಿಗೆಗಳು ಹಳೆಯ ಪೇಟೆಗಳ ಹಿತಕ್ಕಾಗಿ ತಿಂಗಳಿಗೆ ಎರಡು ದಿನ ಬಾಗಿಲು ಮುಚ್ಚಬೇಕೆಂಬ ವಿಧಿಯಿದೆ. ನಮ್ಮಲ್ಲಿ ಅಂತಹ ವಿಧಿಯಿಲ್ಲದಿದ್ದರೆ ಗೃಹಿಣಿಯರೇ ಮನೆಯಲ್ಲೊಂದು ವಿಧಿಯನ್ನು ಮಾಡಿಕೊಳ್ಳಬಹುದು: ಸೊಪ್ಪು, ಹೂವು, ನಿಂಬೆಹಣ್ಣು ಇವು ಪರಿಚಯದ ಕೈಯಿಂದಲೇ ಮನೆಗೆ ಬರಲಿ.

ಕೊಳ್ಳುವವರು ಸಲ್ಲಿಸಬೇಕಾದ ಕೊಸರೂ ಉಂಟೆಂದು ನಾವು ಕಲಿತೆವು. ಸೊಪ್ಪಿನ ಕಟ್ಟಿಗೆ ಚೌಕಾಶಿ ಮಾಡದಿರುವುದು, ಕಾಯಿಗಳನ್ನು ಉಗುರಿನಿಂದ ಚುಚ್ಚಿ ನೋಡದಿರುವುದು, ಚಿಲ್ಲರೆ ತರುವುದು, ಊರಿಗೆ ಹೋಗುವುದಿದ್ದರೆ ಮೊದಲೇ ಹೇಳಿ ಹೋಗುವುದು. ಇವಕ್ಕೆ ಖರ್ಚಿಲ್ಲ.

ಅಂದಿನಿಂದ ನಾವು ದಿನಬಿಟ್ಟು ದಿನ ಹೊಂಗೆಯ ಮರದ ಬಳಿಗೆ ಹೋಗುತ್ತಿದ್ದೇವೆ. ಕೊತ್ತಂಬರಿಯನ್ನು ಹತ್ತು ರೂಪಾಯಿ ಕೊಟ್ಟೇ ಕೊಳ್ಳುತ್ತಿದ್ದೇವೆ. ಮಗಳು ಹಿಂದಿರುಗಿ ಹೋದಳು. ಮೊನ್ನೆ ಗುರುವಾರ ತಕ್ಕಡಿಯ ಅಂಕೆ ನಿಂತ ಮೇಲೆ, ಮುದುಕಿ ನಮ್ಮ ಮುಖವನ್ನು ನೋಡದೆಯೇ ಎರಡು ಹಸಿಮೆಣಸಿನಕಾಯಿಗಳನ್ನು ಚೀಲಕ್ಕೆ ಹಾಕಿದಳು.

ಮನೆಯಲ್ಲಿ ಅವನ್ನು ತೋರಿಸಿದೆವು. ನಮ್ಮ ಗೃಹಿಣಿ ಚೀಲವನ್ನು ಇನ್ನೊಮ್ಮೆ ತಡಕಿ ನೋಡಿ, “ಪರವಾಗಿಲ್ಲ. ಕೊತ್ತಂಬರಿಗೆ ಇನ್ನೂ ಸ್ವಲ್ಪ ದಿನ ಬೇಕು” ಎಂದಳು.