ಪಕ್ಷೇತರನ ಮಾತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಪಕ್ಷೇತರ ಅಭ್ಯರ್ಥಿಯು ಮತಯಾಚನೆಗೆ ಬಂದರೆ ಶ್ರಾವಕರು ಆತನ ಮನೆತನ, ವಿದ್ಯೆಗಳನ್ನು ವಿಚಾರಿಸುತ್ತಾರೆ. ಬಸದಿಯ ಜೀರ್ಣೋದ್ಧಾರಕ್ಕೆ ಕೊಡುವ ಮೊತ್ತವನ್ನಂತೂ ಮರೆಯದೆ ಕೇಳುತ್ತಾರೆ! ಕೇಳಬೇಕಾದುದು ಬೇರೆಯಿದೆ. 2008ರಲ್ಲಿ ಪಾವಗಡದಿಂದ ಪಕ್ಷೇತರರಾಗಿ ಗೆದ್ದ ವೆಂಕಟರಮಣಪ್ಪನವರು, 224 ಸ್ಥಾನಗಳಲ್ಲಿ 110ನ್ನು ಮಾತ್ರ ಪಡೆದಿದ್ದ ಭಾರತೀಯ ಜನತಾ ಪಕ್ಷದ ಸರ್ಕಾರವನ್ನು ಬೆಂಬಲಿಸಿ ಮಂತ್ರಿಯಾದರು. 2010ರಲ್ಲಿ ಬೆಂಬಲ ಹಿಂತೆಗೆದಾಗ ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಸಂವಿಧಾನದ ಹತ್ತನೆಯ ಅನುಸೂಚಿಯು ಪಕ್ಷೇತರ ಸದಸ್ಯನು ಪಕ್ಷ ಸೇರುವುದನ್ನಷ್ಟೇ ತಡೆಯುತ್ತದೆ. ಯಾರ ಸರ್ಕಾರಕ್ಕೆ ಕೈಯೆತ್ತಬೇಕೆಂಬುದು ಅವನ ಮಾತಿಗೇ ಬಿಟ್ಟದ್ದು. ಸತ್ಯಾಣುವ್ರತದ ಪರೀಕ್ಷೆ ಅಲ್ಲಿಯೇ. ಬಸದಿಯ ಆವರಣವನ್ನು ರಾಜಕೀಯ ಪ್ರಚಾರಕ್ಕೆ ಬಳಸುವುದನ್ನು 1988ರ ಕಾಯಿದೆ ನಿಷೇಧಿಸಿದೆ. ಆದುದರಿಂದ ಟ್ರಸ್ಟಿಗಳು ಅಲ್ಲಿ ಹಾರ ಹಾಕುವುದನ್ನು ಬಿಟ್ಟು, ತಮ್ಮ ಮನೆಬಾಗಿಲಲ್ಲೇ ಕೇಳಲಿ: ಯಾರಿಗೂ ಬಹುಮತ ಬಾರದಿದ್ದರೆ ತಾವು ಯಾರ ಕಡೆ?