ನೀರಿನ ಲೋಟದ ಪ್ರಶ್ನೆ

ಕೈ ನಡುಗಿ ಲೋಟ ಹಿಡಿಯಲಾಗುತ್ತಿಲ್ಲ, ಸ್ಟ್ರಾ ಮತ್ತು ಸಿಪ್ಪರ್ ಕೊಡಿಸಿ. 2020ರ ನವೆಂಬರಿನಲ್ಲಿ ಮುಂಬೈಯ ವಿಶೇಷ ನ್ಯಾಯಾಲಯಕ್ಕೆ ಹೋದ ಒಂದು ಅರ್ಜಿಯ ತಿರುಳು ಇಷ್ಟೇ. ಅರ್ಜಿದಾರರು ಜೈಲಿನಲ್ಲಿದ್ದ ಫಾದರ್ ಸ್ಟ್ಯಾನ್ ಸ್ವಾಮಿ. ವಯಸ್ಸು 83, ಪಾರ್ಕಿನ್ಸನ್ ಕಾಯಿಲೆ. ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಅರ್ಜಿಗೆ ಉತ್ತರ ಹೇಳಲು ತನಿಖಾ ಸಂಸ್ಥೆಗೆ 20 ದಿನ ಸಿಕ್ಕಿತು. ಮರುವರ್ಷ ಮೇ ತಿಂಗಳಲ್ಲಿ ವಿಡಿಯೊ ಮೂಲಕ ಹೈಕೋರ್ಟಿನೊಂದಿಗೆ ಮಾತಾಡಿದ ಅವರು, ತಲೋಜಾ ಜೈಲಿಗೆ ಬಂದಾಗ ತಾವೇ ಉಣ್ಣುತ್ತಿದ್ದುದನ್ನೂ ಈಗ ಇನ್ನೊಬ್ಬರು ಉಣಿಸಬೇಕಾಗಿರುವುದನ್ನೂ ಹೇಳಿದರು. ಜುಲೈ 5ರಂದು ತೀರಿಕೊಂಡರು. ಅಷ್ಟರಲ್ಲಿ ಜಾಮೀನೂ ಸಿಕ್ಕಿರಲಿಲ್ಲ, ಆರೋಪ ಸಾಬೀತೂ ಆಗಿರಲಿಲ್ಲ.

ಅವರ ಮೇಲಿನ ಮೊಕದ್ದಮೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನನ್ನ ತಕರಾರು ಲೋಟದ್ದು. ಕಾನೂನು ಕಸಿದುಕೊಳ್ಳುವುದು ಹೊರಗೆ ಓಡಾಡುವ ಸ್ವಾತಂತ್ರ್ಯವನ್ನು. ನೀರು ಕುಡಿಯುವುದನ್ನು ಯಾವ ನ್ಯಾಯಾಧೀಶರೂ ಕಸಿದಿರುವುದಿಲ್ಲ. ಆದರೆ ಗಟ್ಟಿಮೈಯ ಹರೆಯದವರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಜಾಗಕ್ಕೆ ಮುದುಕರನ್ನು ತಳ್ಳಿದಾಗ, ತೀರ್ಪಿನಲ್ಲಿ ಬರೆಯದ ಶಿಕ್ಷೆಯೊಂದು ತಾನಾಗಿ ಸೇರಿಕೊಳ್ಳುತ್ತದೆ.

ರಾತ್ರಿಯನ್ನೇ ನೋಡಿ. ಸಂಜೆ ಬೀಗ ಬಿದ್ದರೆ ಬೆಳಗಿನವರೆಗೆ ಬ್ಯಾರಕ್ಕಿನೊಳಗೇ. ಎಪ್ಪತ್ತು ದಾಟಿದ ಎಷ್ಟೋ ಮಂದಿ ರಾತ್ರಿ ಹಲವು ಸಲ ಮೂತ್ರಕ್ಕೆ ಏಳಬೇಕು. ನೆಲದ ಹಾಸಿಗೆಯಿಂದ ಗೋಡೆ ಹಿಡಿದು ಎದ್ದು, ಮಲಗಿದವರ ಕಾಲು ತುಳಿಯದೆ ದಾಟಿ, ಒದ್ದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬೇಕು. ಕೂತವರು ಏಳುವುದು ಇನ್ನೊಂದು ಸಾಹಸ. ಬಿದ್ದರೆ ತೊಡೆಯ ಮೂಳೆ ಹೋಯಿತು. ಆ ಭಯಕ್ಕೆ ಕೆಲವರು ಸಂಜೆಯಿಂದಲೇ ನೀರು ಬಿಡುತ್ತಾರೆ. ಆಮೇಲೆ ಉರಿಮೂತ್ರ, ಮಲಬದ್ಧತೆ. ಜೈಲಿಗೆ ಹೋಗುವುದಕ್ಕೆ ನಮ್ಮಲ್ಲಿ ಮುದ್ದೆ ಮುರಿಯುವುದು ಎನ್ನುತ್ತಾರೆ. ಮುದ್ದೆಯನ್ನಾದರೂ ಹಲ್ಲಿಲ್ಲದವರು ನುಂಗಿಯಾರು, ಗಟ್ಟಿ ಚಪಾತಿಯ ದಿನ ಏನು ಮಾಡಬೇಕು? ದೊಡ್ಡಾಸ್ಪತ್ರೆಗೆ ಹೋಗಬೇಕೆಂದರೆ ಪೊಲೀಸ್ ಬೆಂಗಾವಲು ಬೇಕು. ಬಂದೋಬಸ್ತಿಗೆ ಪೊಲೀಸರು ಹೋದ ದಿನ ಕಣ್ಣಿನ ಪೊರೆ ಕಾಯಬೇಕು, ಸಕ್ಕರೆ ಕಾಯಿಲೆಯ ಹುಣ್ಣೂ ಕಾಯಬೇಕು.

ಜನ ಇದನ್ನು ನಂಬುವುದು ಕಷ್ಟ, ಯಾಕೆಂದು ಗೊತ್ತಿದೆ. ಅರೆಸ್ಟ್ ಆದ ಗಳಿಗೆಯಲ್ಲೇ ಎದೆನೋವು ಬರುವ ದೊಡ್ಡವರನ್ನು ಟೀವಿಯಲ್ಲಿ ನೋಡಿ ನೋಡಿ ನಮಗೆ ನಗು ಬರುತ್ತದೆ. ಆ ನಾಟಕದ ದಂಡವನ್ನು ಕಟ್ಟುವವನು ಮಾತ್ರ ವಕೀಲನಿಲ್ಲದ, ನಿಜವಾಗಿಯೂ ಎದೆ ನೋಯುತ್ತಿರುವ ಬಡ ಮುದುಕ.

ಹಾಗಾದರೆ ಬಿಳಿಗೂದಲಿನವರನ್ನೆಲ್ಲ ಬಿಟ್ಟುಬಿಡಬೇಕೇ? ಬೇಡ. ಕೊಲೆಯಾದವಳ ತಾಯಿಗೆ ಕೊಂದವನ ವಯಸ್ಸು ಸಮಾಧಾನ ತರುವುದಿಲ್ಲ. ಆದರೆ ಮಂಚ, ಕಮೋಡು, ಹಿಡಿದುಕೊಳ್ಳಲು ಗೋಡೆಗೊಂದು ಸರಳು, ಮೆತ್ತಗಿನ ಅನ್ನ: ಇವುಗಳಿಂದ ಯಾರ ನ್ಯಾಯವೂ ಕಡಿಮೆಯಾಗುವುದಿಲ್ಲ. ಇನ್ನೂ ವಿಚಾರಣಾಧೀನರಾಗಿರುವವರ ಮಾತು ಬೇರೆ. ಕಾಯಿಲೆಯವರಿಗೆ, ಅಶಕ್ತರಿಗೆ ಜಾಮೀನು ಕೊಡಲು ಮಾಮೂಲಿ ಕಾನೂನಿನಲ್ಲೇ ದಾರಿಯಿದೆ. ಸ್ಟ್ಯಾನ್ ಸ್ವಾಮಿಯವರ ಮೊಕದ್ದಮೆಯಲ್ಲೇ, ಜಾಮೀನು ಸಿಗುವುದು ಕಷ್ಟವಾದ ಯುಎಪಿಎ ಕಾಯ್ದೆಯಡಿ ಬಂಧಿತರಾದ, 80 ದಾಟಿದ ತೆಲುಗು ಕವಿ ವರವರ ರಾವ್ ಅವರಿಗೆ 2021ರ ಫೆಬ್ರುವರಿಯಲ್ಲಿ ಆರೋಗ್ಯದ ಕಾರಣಕ್ಕೆ ಹೈಕೋರ್ಟ್ ಜಾಮೀನು ಕೊಟ್ಟಿತ್ತು. ಮನಸ್ಸು ಮಾಡಿದರೆ ಆಗುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ಜೈಲು ಅಂಕಿಅಂಶಗಳ ವರದಿಯಲ್ಲಿ 18ರಿಂದ 30ರವರಿಗೊಂದು ಕಾಲಂ, 30ರಿಂದ 50ರವರಿಗೊಂದು. 50 ದಾಟಿದವರಿಗೆಲ್ಲ ಸೇರಿ ಒಂದೇ. ದಿನಾ ವಾಲಿಬಾಲ್ ಆಡಬಲ್ಲ 52ರವನೂ ಲೋಟ ಎತ್ತಲಾರದ 83ರವರೂ ಅಲ್ಲಿ ಒಂದೇ ಲೆಕ್ಕ. ಸರ್ಕಾರ ಮೊದಲು ಆ ಕಾಲಂ ಒಡೆಯಲಿ. 70 ದಾಟಿದವರು ಎಷ್ಟು ಜನ ಎಂದು ಎಣಿಸಿ ಹೇಳಲಿ.